ಆಸ್ಪತ್ರೆ ಬಾಗಿಲು ಹಾಕಿದ ಮೇಲೆ ಶುರುವಾಗುವ ನೋವು: ಪಾವಗಡ ಸೀಮೆಯಿಂದ ಆರೋಗ್ಯ ಸಚಿವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರಿಗೆ,

ನಮಸ್ಕಾರ.

ತುಮಕೂರು ಜಿಲ್ಲೆ ಪಾವಗಡ ತಾಲ್ಲೂಕಿನ ಒಂದು ಹೋಬಳಿ ಊರಿನಲ್ಲಿ ಇಪ್ಪತ್ತಾರು ವರ್ಷಗಳಿಂದ ಔಷಧದ ಅಂಗಡಿ ಇಟ್ಟುಕೊಂಡಿದ್ದೇನೆ. ಡಿ.ಫಾರ್ಮ ಓದಿದವನು. ಗೋಡೆಗೆ ನೇತುಹಾಕಿರುವ ಪ್ರಮಾಣಪತ್ರ ನನ್ನದೇ, ಬಾಡಿಗೆಗೆ ತಂದದ್ದಲ್ಲ. ಇದೂ ಒಂದು ಹೇಳಿಕೊಳ್ಳುವ ಮಾತೇ ಎಂದು ನಿಮಗೆ ಅನ್ನಿಸಬಹುದು. ಫಾರ್ಮಸಿಸ್ಟನ ಫೋಟೊ ಗೋಡೆಯ ಮೇಲಿದ್ದು, ಆಸಾಮಿ ಮಾತ್ರ ಬೆಂಗಳೂರಿನಲ್ಲೋ ದುಬೈಯಲ್ಲೋ ಇರುವ ಅಂಗಡಿಗಳನ್ನು ನಿಮ್ಮ ಇಲಾಖೆಯವರು ನನಗಿಂತ ಚೆನ್ನಾಗಿ ಬಲ್ಲರು.

ಈ ಪತ್ರದಲ್ಲಿ ದೂರುಗಳಿವೆ. ಮೊದಲನೆಯದು ನನ್ನ ಮೇಲೆಯೇ.

ಸಂಜೆ ಆರು ಗಂಟೆಗೆ ನಮ್ಮ ಅಂಗಡಿಯ ಮುಂದೆ ಲಗೇಜ್ ಆಟೊಗಳು ನಿಲ್ಲುತ್ತವೆ. ಕೂಲಿಯಿಂದ ಹಿಂತಿರುಗಿದ ಹೆಂಗಸರು ಅದರಿಂದ ನೇರವಾಗಿ ಇಳಿಯಲಾರರು. ಒಂದು ಕೈಯಲ್ಲಿ ಆಟೊದ ಕಂಬಿ, ಇನ್ನೊಂದು ಕೈಯಲ್ಲಿ ಪಕ್ಕದವಳ ಭುಜ ಹಿಡಿದು, ಹಿಂದು ಮುಂದಾಗಿ ತಿರುಗಿ, ಮೊದಲು ಒಂದು ಕಾಲನ್ನು ನೆಲಕ್ಕೆ ಮುಟ್ಟಿಸಿ ಸುಧಾರಿಸಿಕೊಂಡು ಆಮೇಲೆ ಇನ್ನೊಂದನ್ನು ಇಳಿಸುತ್ತಾರೆ. ಇಳಿದವರು ಮನೆಗೆ ಹೋಗುವುದಿಲ್ಲ. ನನ್ನ ಅಂಗಡಿಗೆ ಬರುತ್ತಾರೆ. "ಅಣ್ಣ, ಒಂದು ಸೆಟ್ ಕೊಡಿ." ತೆಲುಗು ಮನೆಮಾತಿನವರಾದರೆ "ನೊಪ್ಪುಲ ಬಿಳ್ಳ". ಎರಡೂ ಒಂದೇ.

ಸೆಟ್ ಎಂದರೇನು ಎಂದು ವಿಧಾನಸೌಧದಲ್ಲಿ ಯಾರಿಗಾದರೂ ಗೊತ್ತಿದೆಯೋ ಇಲ್ಲವೋ. ಡೈಕ್ಲೊಫೆನಾಕ್ ಅಥವಾ ಅಸೆಕ್ಲೊಫೆನಾಕ್ ಮಾತ್ರೆ ಒಂದು, ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್ ಒಂದು, ಹೊಟ್ಟೆ ಉರಿಯದಿರಲಿ ಎಂದು ಗ್ಯಾಸಿನ ಮಾತ್ರೆ ಒಂದು, ನೋಡಲು ಚೆನ್ನಾಗಿರಲಿ ಎಂದು ಬಿ ಕಾಂಪ್ಲೆಕ್ಸ್ ಒಂದು. ಕತ್ತರಿಯಿಂದ ಸ್ಟ್ರಿಪ್ ಕತ್ತರಿಸಿ, ನಾಲ್ಕನ್ನೂ ಹಳೆಯ ಪತ್ರಿಕೆಯ ಚೂರಿನಲ್ಲಿ ಮಡಚಿ ಕೊಟ್ಟರೆ ಸೆಟ್. ಕತ್ತರಿಸುವಾಗ ಔಷಧದ ಹೆಸರು ಒಂದು ಕಡೆಗೆ ಹೋಗುತ್ತದೆ, ಮಾತ್ರೆ ಇನ್ನೊಂದು ಕಡೆಗೆ. ಅವಧಿ ಮುಗಿಯುವ ದಿನಾಂಕ ನನ್ನ ಕತ್ತರಿಯ ಕೆಳಗೆ ಉಳಿಯುತ್ತದೆ. ಬೆಲೆ ಹತ್ತು ರೂಪಾಯಿ ಇದ್ದದ್ದು ಈಗ ಇಪ್ಪತ್ತಾಗಿದೆ. ಸುಗ್ಗಿಯ ಕಾಲದಲ್ಲಿ ದಿನಕ್ಕೆ ಎಪ್ಪತ್ತು ಎಂಬತ್ತು ಸೆಟ್ ಕಟ್ಟಿದ್ದೇನೆ. ಬೆಳಿಗ್ಗೆ ಮೇಸ್ತ್ರಿಯೇ ಬಂದು ಇಪ್ಪತ್ತು ಸೆಟ್ ಒಟ್ಟಿಗೆ ಕಟ್ಟಿಸಿಕೊಂಡು ಹೋಗಿ, ಹನ್ನೊಂದು ಗಂಟೆಯ ಟೀ ಜೊತೆಗೆ ಹಂಚಿದ್ದೂ ಉಂಟು. ಹಾಗೆ ಹಂಚಿದ ಮಾತ್ರೆಯ ಹಣವನ್ನು ಕೂಲಿಯಲ್ಲಿ ಮುರಿದುಕೊಂಡನೋ ಇಲ್ಲವೋ ನಾನು ಕೇಳಲಿಲ್ಲ. ಕೇಳಬೇಕಾಗಿತ್ತು.

ಡೈಕ್ಲೊಫೆನಾಕ್, ಡೆಕ್ಸಾಮೆಥಾಸೋನ್ ಎರಡೂ ಶೆಡ್ಯೂಲ್ ಎಚ್ ಔಷಧಗಳು. ವೈದ್ಯರ ಚೀಟಿ ಇಲ್ಲದೆ ಒಂದೇ ಒಂದು ಮಾತ್ರೆಯನ್ನೂ ಕೊಡಬಾರದು. ಕಾಲೇಜಿನಲ್ಲಿ ಇದನ್ನು ಬಾಯಿಪಾಠ ಮಾಡಿ ಪಾಸಾದವನು ನಾನು.

ನಮ್ಮ ಬೀದಿಯಲ್ಲಿ ಒಬ್ಬ ಅಕ್ಕ ಇದ್ದರು. ಹೆಸರು ಬೇಡ. ನಲವತ್ತು ದಾಟುವಾಗಲೇ ಮಂಡಿ ಹಿಡಿದುಕೊಂಡಿತ್ತು. ಕಡಲೆಕಾಯಿ ಕೀಳುವುದು ಎಂದರೆ ಬೆಳಗಿನಿಂದ ಬೈಗಿನವರೆಗೆ ಬಗ್ಗಿಕೊಂಡೇ ಇರುವುದು. ಬಿಡಿಸುವುದು ಎಂದರೆ ಕುಕ್ಕರುಗಾಲಿನಲ್ಲಿ ಕೂತೇ ಇರುವುದು. ಮೊದಮೊದಲು ಸುಗ್ಗಿಯ ದಿನಗಳಲ್ಲಿ ಮಾತ್ರ ಸೆಟ್ ತೆಗೆದುಕೊಳ್ಳುತ್ತಿದ್ದರು. ಆಮೇಲೆ ಸಂತೆಯ ದಿನ. ಆಮೇಲೆ ದಿನ ಬಿಟ್ಟು ದಿನ. ಕೊನೆಗೆ ಕೇಳುವುದನ್ನೇ ಬಿಟ್ಟರು. ಅವರು ಮೆಟ್ಟಿಲು ಹತ್ತುವಾಗಲೇ ನಾನು ಕತ್ತರಿ ಎತ್ತಿಕೊಳ್ಳುತ್ತಿದ್ದೆ. ಮಾತ್ರೆಗಳನ್ನು ಎಲೆಅಡಿಕೆ ಚೀಲದಲ್ಲಿ, ಸುಣ್ಣದ ಡಬ್ಬಿಯ ಪಕ್ಕದಲ್ಲಿ ಇಟ್ಟುಕೊಳ್ಳುತ್ತಿದ್ದರು. ಇಬ್ಬರು ಹೆಣ್ಣುಮಕ್ಕಳ ಮದುವೆಯನ್ನು ಆ ಮಂಡಿಯ ಮೇಲೆಯೇ ಮಾಡಿದರು. ಮುಖ ತುಂಬಿಕೊಂಡು ದುಂಡಗಾದಾಗ "ಅಕ್ಕ, ಚೆನ್ನಾಗಿ ಆಗಿದ್ದೀರಿ" ಎಂದು ನಾನೇ ಹೇಳಿದ್ದೆ. ಸ್ಟೀರಾಯ್ಡ್ ಮುಖವನ್ನು ಹಾಗೆಯೇ ತುಂಬಿಸುತ್ತದೆ ಎನ್ನುವುದು ನಾನು ಓದಿದ ಪುಸ್ತಕದಲ್ಲಿಯೇ ಇತ್ತು.

ಮೂರು ವರ್ಷಗಳ ಹಿಂದೆ ಪಾದ ಊದಿಕೊಂಡಿತು. ಊಟ ಸೇರದಾಯಿತು, ಬೆಳಿಗ್ಗೆ ಎದ್ದರೆ ವಾಂತಿ. ತುಮಕೂರಿಗೆ ಕರೆದುಕೊಂಡು ಹೋದರು. ಮೂತ್ರಪಿಂಡದ ಸ್ಥಿತಿ ತಿಳಿಸುವ ರಕ್ತಪರೀಕ್ಷೆಯಲ್ಲಿ ಕ್ರಿಯಾಟಿನಿನ್ ಒಂಬತ್ತು ದಾಟಿತ್ತು. ಆರೋಗ್ಯವಂತರಲ್ಲಿ ಅದು ಒಂದರ ಆಸುಪಾಸಿನಲ್ಲಿರುತ್ತದೆ. ಏನೇನು ಮಾತ್ರೆ ತಿನ್ನುತ್ತಿದ್ದರು ಎಂದು ಅಲ್ಲಿಯ ವೈದ್ಯರು ಕೇಳಿದಾಗ, ಮಗಳು ಎಲೆಅಡಿಕೆ ಚೀಲವನ್ನೇ ಮೇಜಿನ ಮೇಲೆ ಕೊಡವಿದಳಂತೆ. ಹೆಸರಿಲ್ಲದ ಬೆಳ್ಳಿಯ ಚೂರುಗಳು. ವೈದ್ಯರಿಗೆ ಏನೂ ಗೊತ್ತಾಗಲಿಲ್ಲ. ಮಾರನೆಯ ದಿನ ಅಳಿಯ ಬಸ್ಸು ಹತ್ತಿ ಬಂದು ನನ್ನ ಮುಂದೆ ನಿಂತು, "ಅಮ್ಮನಿಗೆ ಏನು ಕೊಡುತ್ತಿದ್ದಿರಿ, ಬರೆದುಕೊಡಿ" ಎಂದ. ಬರೆದುಕೊಟ್ಟೆ. ಅಷ್ಟು ವರ್ಷಗಳಲ್ಲಿ ಆ ಮನೆಯವರಿಗೆ ನಾನು ಮಾತ್ರೆಯ ಹೆಸರು ಬರೆದುಕೊಟ್ಟದ್ದು ಅದೇ ಮೊದಲು.

ಎಲ್ಲವೂ ಮಾತ್ರೆಯಿಂದಲೇ ಆಯಿತು ಎಂದು ವೈದ್ಯರೂ ಹೇಳಲಿಲ್ಲ. ಬಿಪಿಯೂ ಇತ್ತಂತೆ, ಯಾರೂ ನೋಡಿಸಿರಲಿಲ್ಲ. ಆದರೆ ಈ ಮಾತ್ರೆಗಳು ಬಿಪಿಯನ್ನೂ ಏರಿಸುತ್ತವೆ. ಒಂದು ವರ್ಷಕ್ಕೂ ಹೆಚ್ಚು ಕಾಲ ವಾರಕ್ಕೆ ಎರಡು ದಿನ ಡಯಾಲಿಸಿಸ್ ನಡೆಯಿತು. ಡಯಾಲಿಸಿಸ್ ಉಚಿತ, ಹೋಗಿ ಬರುವ ಬಾಡಿಗೆ, ಜೊತೆಗೆ ಹೋಗುವವರ ಕೂಲಿ ಉಚಿತವಲ್ಲ. ನಾನು ನೋಡಲು ಹೋದಾಗ ಅಕ್ಕ ನನ್ನನ್ನು ಬೈಯಲಿಲ್ಲ. "ನೀವು ಕೊಟ್ಟ ಮಾತ್ರೆಯಿಂದ ತಾನೇ ಇಷ್ಟು ವರ್ಷ ಕೂಲಿ ಮಾಡಿದೆ" ಎಂದರು. ಕಾಫಿ ಮಾಡಿಕೊಡು ಎಂದು ಮಗಳಿಗೆ ಹೇಳಿದರು. ಹೋದ ಆಷಾಢದಲ್ಲಿ ತೀರಿಕೊಂಡರು.

ಬೈದಿದ್ದರೆ ಈ ಪತ್ರ ಬರೆಯುತ್ತಿರಲಿಲ್ಲವೇನೋ.

ಸಚಿವರೇ, ನೋವಿನ ಮಾತ್ರೆ ಎಂದ ಕೂಡಲೇ ನಿಮ್ಮ ಅಧಿಕಾರಿಗಳು ಮಾದಕ ವಸ್ತು, ಯುವಕರು, ಪೊಲೀಸ್ ಎಂದು ಯೋಚಿಸುತ್ತಾರೆ. ಆ ಕಥೆಗೂ ಬರುತ್ತೇನೆ. ಆದರೆ ನಮ್ಮ ಕಡೆ ಮಾತ್ರೆಗೆ ಒಗ್ಗಿಹೋಗಿರುವವರಲ್ಲಿ ಹೆಚ್ಚಿನವರು ಐವತ್ತು ವರ್ಷದ ಹೆಂಗಸರು. ಅವರಿಗೆ ಅಮಲು ಏರುವುದಿಲ್ಲ. ಮಾತ್ರೆ ನುಂಗಿದರೆ ನಾಳೆ ಕೆಲಸಕ್ಕೆ ಹೋಗಬಹುದು, ಅಷ್ಟೇ. ಹಾಗಾಗಿ ಯಾರ ಲೆಕ್ಕಕ್ಕೂ ಅವರು ಸಿಗುವುದಿಲ್ಲ.

ಈ ಮಾತ್ರೆಗಳು ಮೂತ್ರಪಿಂಡಕ್ಕೆ ಏನು ಮಾಡುತ್ತವೆ ಎನ್ನುವುದು ಗುಟ್ಟಲ್ಲ. ಬಿಸಿಲಿನಲ್ಲಿ ಬೆವರಿ ಮೈಯಲ್ಲಿ ನೀರು ಕಡಿಮೆಯಾದಾಗ, ತನ್ನ ಕಡೆಗೆ ರಕ್ತ ಹರಿದು ಬರುವಂತೆ ರಕ್ತನಾಳವನ್ನು ಸಡಿಲವಾಗಿ ಇಟ್ಟುಕೊಳ್ಳಲು ಮೂತ್ರಪಿಂಡಕ್ಕೆ ಒಂದು ರಾಸಾಯನಿಕ ಬೇಕು. ಊತ, ನೋವು ತರುವುದೂ ಅದೇ ಕುಲದ ರಾಸಾಯನಿಕ. ಮಾತ್ರೆ ಎರಡನ್ನೂ ಒಟ್ಟಿಗೆ ತಡೆಯುತ್ತದೆ. ಫ್ಯಾನಿನ ಕೆಳಗೆ ಕೂತು, ನೀರು ಕುಡಿದುಕೊಂಡು, ಮೂರು ದಿನ ನುಂಗಿದವರಿಗೆ ಅಷ್ಟಾಗಿ ಏನೂ ಆಗದಿರಬಹುದು. ಏಪ್ರಿಲ್ ಬಿಸಿಲಿನಲ್ಲಿ, ಮರೆಯಾಗಿ ಕೂರಲು ಜಾಗವಿಲ್ಲವೆಂದು ನೀರನ್ನೇ ಕುಡಿಯದೆ, ಹತ್ತು ವರ್ಷ ನುಂಗಿದವರ ಮಾತು ಬೇರೆ. ಮೂತ್ರಪಿಂಡ ಹಾಳಾಗುವಾಗ ನೋಯುವುದೂ ಇಲ್ಲ. ಮಂಡಿ ನೋಯುತ್ತದೆ, ಸೊಂಟ ನೋಯುತ್ತದೆ, ಅದೊಂದು ಮಾತ್ರ ಸುಮ್ಮನಿರುತ್ತದೆ.

ಇಲ್ಲಿ ಒಂದು ಮಾತು ನೆನಪಾಗುತ್ತದೆ, ವಿಷಯಾಂತರ ಎಂದುಕೊಳ್ಳಬೇಡಿ. ಡೈಕ್ಲೊಫೆನಾಕ್ ಕೊಟ್ಟ ದನ ಸತ್ತರೆ, ಅದರ ಹೆಣ ತಿಂದ ರಣಹದ್ದುಗಳು ಮೂತ್ರಪಿಂಡ ಕೆಟ್ಟು ಸಾಯುತ್ತಿವೆ ಎಂದು ವಿಜ್ಞಾನಿಗಳು ಕಂಡುಹಿಡಿದರು. 2006ರಲ್ಲಿ ದನಗಳಿಗೆ ಆ ಔಷಧ ನಿಷೇಧವಾಯಿತು. ಮನುಷ್ಯರ ದೊಡ್ಡ ಬಾಟಲಿಯ ಇಂಜೆಕ್ಷನ್ ಕೊಂಡು ದನಕ್ಕೆ ಚುಚ್ಚುತ್ತಾರೆಂದು 2015ರಲ್ಲಿ ಬಾಟಲಿಯನ್ನೇ 3 ಮಿಲಿಲೀಟರಿಗೆ ಇಳಿಸಿದರು. 2023ರಲ್ಲಿ ಅಸೆಕ್ಲೊಫೆನಾಕ್, ಕೀಟೊಪ್ರೊಫೆನ್ ಕೂಡ ಪಶುಗಳಿಗೆ ನಿಷೇಧವಾದವು. ಒಳ್ಳೆಯ ಕೆಲಸ, ರಾಮನಗರದ ಬೆಟ್ಟದಲ್ಲಿ ನಾಲ್ಕು ಹದ್ದು ಉಳಿಯಲಿ. ಹದ್ದಿನ ದೇಹ ಬೇರೆ, ಮನುಷ್ಯರ ದೇಹ ಬೇರೆ ಎನ್ನುವುದೂ ನನಗೆ ಗೊತ್ತು. ಮನುಷ್ಯರಿಗೆ ಈ ಔಷಧ ನಿಷೇಧಿಸಿ ಎಂದು ನಾನು ಕೇಳುತ್ತಿಲ್ಲ. ಹದ್ದಿನ ಬಗ್ಗೆ ಅಷ್ಟು ವರ್ಷ ಯಾರೋ ಕೂತು ಲೆಕ್ಕ ಇಟ್ಟರಲ್ಲ, ಪಾವಗಡದ ಹೆಂಗಸರ ಲೆಕ್ಕವನ್ನು ಯಾರು ಇಟ್ಟಿದ್ದಾರೆ ಎಂದು ಮಾತ್ರ ಕೇಳುತ್ತಿದ್ದೇನೆ.

ನಿಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದ ರಿಜಿಸ್ಟರುಗಳನ್ನು ನೋಡಿದ್ದೇನೆ. ಕ್ಷಯಕ್ಕೆ ಕಾಲಂ ಇದೆ, ಡೆಂಗಿಗೆ ಇದೆ, ಬಾಣಂತಿಗೆ ಇದೆ, ನಾಯಿ ಕಚ್ಚಿದ್ದಕ್ಕೂ ಇದೆ. ನೋವಿಗೆ ಇಲ್ಲ. ಕಾಲಂ ಇಲ್ಲದ ಕಾಯಿಲೆ ಸಂಜೆ ಆರು ಗಂಟೆಗೆ ನನ್ನ ಅಂಗಡಿಗೆ ಬರುತ್ತದೆ.

ನಮ್ಮ ನೋವಿಗೆ ದುಡಿಮೆ ಒಂದೇ ಕಾರಣವಲ್ಲ, ನೀರೂ ಕಾರಣ. ಪಾವಗಡದ ಕೊಳವೆಬಾವಿಯ ಫ್ಲೋರೈಡ್ ಬಗ್ಗೆ ನಿಮಗೆ ಹೊಸದಾಗಿ ಹೇಳಬೇಕಿಲ್ಲ. ಒಂದು ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದು ಎನ್ನುವುದು ನಿಯಮ. ನೂರು ಅಡಿಯಲ್ಲಿದ್ದ ನೀರು ಸಾವಿರ ಅಡಿಗೆ ಇಳಿಯುತ್ತ ಹೋದಂತೆ ನಮ್ಮ ಹಲ್ಲು ಕಂದಿತು, ಕತ್ತು ಬಿಗಿಯಿತು, ಬೆನ್ನು ಬಿದಿರಿನಂತಾಯಿತು. ಬಾಗೇಪಲ್ಲಿ, ಗುಡಿಬಂಡೆಯ ಕಡೆ, ಅತ್ತ ಮುಳಬಾಗಿಲು, ಶ್ರೀನಿವಾಸಪುರದ ಕಡೆಯ ನೆಂಟರ ಮನೆಗೆ ಹೋದರೂ ಅದೇ ಕಂದಿದ ನಗು. ಗದ್ದವನ್ನು ಎದೆಗೆ ಮುಟ್ಟಿಸಿ, ಕೈಯನ್ನು ತಲೆಯ ಹಿಂದೆ ಕಟ್ಟಿ, ಬಗ್ಗಿ ಕಾಲ್ಬೆರಳು ಮುಟ್ಟಿ ಎನ್ನುವ, ಫ್ಲೋರೈಡ್ ಮೂಳೆ ಹಿಡಿದಿದೆಯೇ ಎಂದು ನೋಡುವ ಮೂರು ಸರಳ ಪರೀಕ್ಷೆಗಳಿವೆ. ಆಶಾ ಕಾರ್ಯಕರ್ತೆ ಮನೆ ಬಾಗಿಲಲ್ಲಿ ನಿಂತೇ ಮಾಡಬಹುದಾದಂಥವು. ನಮ್ಮೂರಿನಲ್ಲಿ ಐವತ್ತು ದಾಟಿದ ಹತ್ತು ಜನರನ್ನು ಸಾಲಾಗಿ ನಿಲ್ಲಿಸಿ ನೋಡಿ. ಫ್ಲೋರೋಸಿಸ್ ತಡೆಗೆ ರಾಷ್ಟ್ರೀಯ ಕಾರ್ಯಕ್ರಮ ಎಂದು 2008–09ರಲ್ಲೇ ಶುರುವಾಗಿದೆ. ನನ್ನ ಅಂಗಡಿಯ ಮುಂದೆ ಅದು ಹಾದುಹೋದದ್ದನ್ನು ನಾನು ಕಂಡಿಲ್ಲ.

ತುಂಗಭದ್ರಾ ಹಿನ್ನೀರು ಪಾವಗಡಕ್ಕೆ ಬರಲಿ ಎಂದು ನಾವು ಕೂಗಿದ್ದು ಅಷ್ಟಿಷ್ಟಲ್ಲ. ಆ ಯೋಜನೆ ಬಂದಿರುವುದು ಸಂತೋಷವೇ. ನಮ್ಮ ಮೊಮ್ಮಕ್ಕಳ ಹಲ್ಲು ಬೆಳ್ಳಗಿರಲಿ. ಆದರೆ ನಲವತ್ತು ವರ್ಷ ಕುಡಿದ ಫ್ಲೋರೈಡ್ ಮೂಳೆಯೊಳಗೆ ಕೂತಿದೆ, ಪೈಪಿನಲ್ಲಿ ಹೊಳೆ ನೀರು ಬಂದ ದಿನ ಅದು ಎದ್ದು ಹೋಗುವುದಿಲ್ಲ. ಆ ಮೂಳೆಗಳನ್ನು ಹೊತ್ತವರು ಇನ್ನೂ ಇಪ್ಪತ್ತು ವರ್ಷ ಕೂಲಿಗೆ ಹೋಗಬೇಕು.

ಸೂಜಿಯ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಆರ್‌ಎಂಪಿ ಎಂದು ಬೋರ್ಡು ಹಾಕಿಕೊಂಡ, ವೈದ್ಯಕೀಯ ಓದದ ಡಾಕ್ಟರುಗಳು ಊರೂರಲ್ಲಿ ಇದ್ದಾರೆ. ಡೈಕ್ಲೊಫೆನಾಕ್‌ಗೆ ಸ್ಟೀರಾಯ್ಡ್ ಬೆರೆಸಿ ಸೊಂಟಕ್ಕೆ ಒಂದು ಸೂಜಿ ಹಾಕಿದರೆ ರೋಗಿ ಎದ್ದು ನಡೆಯುತ್ತಾನೆ. ಊರಿನ ಕಣ್ಣಿಗೆ ಸೂಜಿ ಹಾಕಿದವನೇ ದೊಡ್ಡ ಡಾಕ್ಟರು. ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ಆಗೀಗ ಬಂದು ಬೀಗ ಹಾಕುತ್ತೀರಿ. ಬೀಗ ಹಾಕಿದ ವಾರಕ್ಕೆ ಅವನು ಬೈಕಿನ ಡಿಕ್ಕಿಯಲ್ಲಿ ಆಸ್ಪತ್ರೆ ಇಟ್ಟುಕೊಂಡು ಮನೆಮನೆಗೆ ಬರುತ್ತಾನೆ. ಇನ್ನೂ ನಾಲ್ಕು ಹೆಜ್ಜೆ ಹೋದರೆ ಆಂಧ್ರ. ಮೂರು ದಿಕ್ಕಿಗೂ ಅವರ ಸೀಮೆಯೇ ಇರುವ ತಾಲ್ಲೂಕು ನಮ್ಮದು. ಮಡಕಶಿರಾದಲ್ಲೋ ಹಿಂದೂಪುರದಲ್ಲೋ ಕೊಂಡ ಮಾತ್ರೆಗೆ ನಿಮ್ಮ ಡ್ರಗ್ಸ್ ಇನ್‌ಸ್ಪೆಕ್ಟರ್ ಏನು ಮಾಡಿಯಾರು? ಸೂಜಿಯವನನ್ನು ಜನ ಹುಡುಕಿಕೊಂಡು ಹೋಗುವುದು ಅವನ ವಿದ್ಯೆ ನೋಡಿ ಅಲ್ಲ. ರಾತ್ರಿ ಎಂಟಕ್ಕೆ ಕರೆದರೂ ಬರುತ್ತಾನೆ, ಸಾಲ ಹೇಳಿದರೂ ಸೂಜಿ ಹಾಕುತ್ತಾನೆ, ಮೈ ಮುಟ್ಟಿ "ಎಲ್ಲಿ ನೋವು ಅಮ್ಮ" ಎಂದು ಕೇಳುತ್ತಾನೆ.

ಇನ್ನು ಹುಡುಗರ ಕಥೆ.

ಐದಾರು ವರ್ಷಗಳ ಹಿಂದಿನ ಮಾತು. ಬೆಂಗಳೂರಿನಲ್ಲಿ ಕಟ್ಟಡದ ಕೆಲಸಕ್ಕೆ ಹೋಗಿದ್ದ ನಮ್ಮ ಕಡೆಯ ಹುಡುಗನೊಬ್ಬ ಸಾರುವೆಯಿಂದ ಬಿದ್ದು ಸೊಂಟ ಮುರಿದುಕೊಂಡು ಊರಿಗೆ ಬಂದ. ಕೈಯಲ್ಲಿ ಆಸ್ಪತ್ರೆಯಿಂದ ಬಿಡುಗಡೆಯಾದಾಗ ಕೊಟ್ಟ ಚೀಟಿ ಇತ್ತು. ಅದರಲ್ಲಿ ಟಪೆಂಟಡಾಲ್ ಎಂಬ ಅಫೀಮು ಗುಂಪಿನ ನೋವಿನ ಮಾತ್ರೆ, ಹತ್ತು ದಿನಕ್ಕೆ. ಕೊಟ್ಟೆ. ಸರಿಯಾದ ಚೀಟಿ, ಸರಿಯಾದ ರೋಗಿ. ತಿಂಗಳು ಬಿಟ್ಟು ಅದೇ ಚೀಟಿ ಹಿಡಿದು ಬಂದ. ಮತ್ತೆ ಬಂದ. ಆಮೇಲೆ ಬಂದಾಗ ಚೀಟಿಗೆ ಲ್ಯಾಮಿನೇಷನ್ ಆಗಿತ್ತು. ಮತದಾರರ ಚೀಟಿಯ ಹಾಗೆ, ಪಡಿತರ ಚೀಟಿಯ ಹಾಗೆ, ಪ್ಲಾಸ್ಟಿಕ್ಕಿನೊಳಗೆ ಬೆಚ್ಚಗೆ ಮಲಗಿದ್ದ ಔಷಧದ ಚೀಟಿಯನ್ನು ನಾನು ನೋಡಿದ್ದು ಅದೇ ಮೊದಲ ಸಲ. ಎರಡು ವರ್ಷ ಅದೇ ಚೀಟಿ ಅಂಗಡಿಯಿಂದ ಅಂಗಡಿಗೆ ಓಡಾಡಿತು. ಮೊದಲು ಸೊಂಟಕ್ಕೆ, ಆಮೇಲೆ ನಿದ್ದೆಗೆ, ಆಮೇಲೆ ಎದ್ದು ಹಾಸಿಗೆ ಬಿಡುವುದಕ್ಕೆ. ಮಾತ್ರೆ ಸಿಗದ ದಿನ ಮೈ ನಡುಗಿ, ಮೂಗು ಸುರಿದು, ಬೇಧಿಯಾಗಿ, ಮೂಳೆ ಮುರಿದಂತೆ ನೋಯುತ್ತಿತ್ತಂತೆ. ಬಿದ್ದಾಗಲೂ ಅಷ್ಟು ನೋವಿರಲಿಲ್ಲ ಎಂದು ಅವನೇ ಹೇಳಿದ.

ಚೀಟಿಯನ್ನು ಒಮ್ಮೆ ಪೂರೈಸಿದ ಮೇಲೆ ಅದರ ಮೇಲೆ ಅಂಗಡಿಯ ಹೆಸರು, ವಿಳಾಸ, ದಿನಾಂಕ ನಮೂದಿಸಬೇಕು; ವೈದ್ಯರು ಬರೆಯದ ಹೊರತು ಎರಡನೆಯ ಸಲ ಕೊಡಬಾರದು. ಇದು 1945ರ ನಿಯಮಾವಳಿಯಲ್ಲೇ ಇದೆ. ಒಂದು ರಬ್ಬರ್ ಮೊಹರು ಒತ್ತಿದ್ದರೆ ಆ ಚೀಟಿ ಮೊದಲ ದಿನವೇ ಸತ್ತುಹೋಗುತ್ತಿತ್ತು. ನನ್ನ ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ ಮೊಹರು ಇದೆ. ಬಿಲ್ಲಿಗೆ ಒತ್ತುತ್ತೇನೆ. ಚೀಟಿಗೆ ಒತ್ತಲಿಲ್ಲ.

2014ರ ಮಾರ್ಚಿನಲ್ಲಿ ಎಚ್1 ಎಂಬ ಹೊಸ ಪಟ್ಟಿ ಜಾರಿಗೆ ಬಂತು. ವೈದ್ಯರ ಹೆಸರು, ರೋಗಿಯ ಹೆಸರು, ಕೊಟ್ಟ ಪ್ರಮಾಣ ಎಲ್ಲವನ್ನೂ ಬೇರೆ ಪುಸ್ತಕದಲ್ಲಿ ಬರೆದು ಮೂರು ವರ್ಷ ಇಡಬೇಕು. ಟ್ರಮಡಾಲ್ ಎಂಬ ನೋವಿನ ಮಾತ್ರೆ ಆ ಪಟ್ಟಿಯಲ್ಲಿತ್ತು. 2018ರ ಏಪ್ರಿಲ್‌ನಲ್ಲಿ ಅದನ್ನು ಎನ್‌ಡಿಪಿಎಸ್ ಎಂಬ ಮಾದಕ ವಸ್ತು ತಡೆ ಕಾಯ್ದೆಗೂ ಸೇರಿಸಿದರು. ಟ್ರಮಡಾಲ್ ಹೆಸರು ಕೇಳಿದರೆ ಅಂಗಡಿಯವರು ಹಿಂಜರಿಯತೊಡಗಿದರು. ಅದೇ ವಂಶದ ಟಪೆಂಟಡಾಲ್ ಆಗ ಆ ಕಾಯ್ದೆಯ ಹೊರಗೇ ಉಳಿಯಿತು. ಒಂದು ಬಾಗಿಲು ಹಾಕಿ ಪಕ್ಕದ ಕಿಟಕಿ ತೆರೆದಿಟ್ಟಂತಾಯಿತು. ಹುಡುಗರು ಮೊದಲು ಕೇಳುತ್ತಿದ್ದ ಹೆಸರು ಬಿಟ್ಟು ಎರಡನೆಯದನ್ನು ಕೇಳಲು ಆರಂಭಿಸಿದ್ದು ನಮ್ಮ ಅಂಗಡಿಯಲ್ಲೇ ನನಗೆ ಕಾಣಿಸಿತು. ಕೆಲವರು ಅದನ್ನು ನುಂಗುವುದೂ ಇಲ್ಲ, ರಕ್ತನಾಳಕ್ಕೆ ಚುಚ್ಚಿಕೊಳ್ಳುತ್ತಾರೆ. ಮೊಣಕೈ ಒಳಬದಿಯಲ್ಲಿ ಕೀವು ತುಂಬಿದ ಗಾಯಕ್ಕೆ ಮುಲಾಮು ಕೇಳಿಕೊಂಡು ಬಂದ ಇಬ್ಬರನ್ನು ನಾನೇ ಕಂಡಿದ್ದೇನೆ. ಇಬ್ಬರಿಗೂ ಇಪ್ಪತ್ತೈದು ತುಂಬಿರಲಿಲ್ಲ.

2019ರಲ್ಲಿ ಕೇಂದ್ರ ಸರ್ಕಾರಕ್ಕಾಗಿ ದೆಹಲಿಯ ಏಮ್ಸ್ ಮಾಡಿದ ಸಮೀಕ್ಷೆ ಹೊರಬಂತು. ದೇಶದಲ್ಲಿ 10ರಿಂದ 75 ವರ್ಷದೊಳಗಿನವರಲ್ಲಿ ಶೇ 0.96ರಷ್ಟು ಜನ ಅಫೀಮು ಗುಂಪಿನ ಔಷಧಗಳನ್ನು ಚಿಕಿತ್ಸೆಗಲ್ಲದೆ ಬಳಸುತ್ತಿದ್ದಾರೆ ಎಂದು ಅದು ಹೇಳಿತು. ನೂರಕ್ಕೆ ಒಬ್ಬರು ಎಂದುಕೊಳ್ಳಿ. ಆ ಒಬ್ಬನ ಕೈಗೆ ಮಾತ್ರೆ ಬರುವುದು ಕಾಡಿನ ದಾರಿಯಿಂದ ಅಲ್ಲ. ಪರವಾನಗಿ ಇರುವ ಕಾರ್ಖಾನೆ, ಪರವಾನಗಿ ಇರುವ ಸಗಟು ವ್ಯಾಪಾರಿ, ಪರವಾನಗಿ ಇರುವ ನನ್ನಂಥವನು. ನಮ್ಮ ದೇಶದಲ್ಲಿ ತಯಾರಾದ ಟಪೆಂಟಡಾಲ್–ಕ್ಯಾರಿಸೊಪ್ರೊಡಾಲ್ ಬೆರಕೆಯ ಮಾತ್ರೆ ಘಾನಾ, ನೈಜೀರಿಯಾದ ಬೀದಿಗಳನ್ನು ಹಾಳು ಮಾಡುತ್ತಿದೆ ಎಂದು 2025ರ ಫೆಬ್ರುವರಿಯಲ್ಲಿ ಬಿಬಿಸಿ ವರದಿ ಮಾಡಿದ ಮೇಲೆ, ಕೆಲವೇ ದಿನಗಳಲ್ಲಿ ಕೇಂದ್ರ ಆ ಬೆರಕೆಗೆ ತಡೆ ಹಾಕಿತು. ಹೊರದೇಶದವರು ಕೇಳಿದರೆ ಎಷ್ಟು ಬೇಗ ಕೆಲಸವಾಗುತ್ತದೆ ನೋಡಿ.

ಅಮೆರಿಕದ ವೆಸ್ಟ್ ವರ್ಜೀನಿಯಾದಲ್ಲಿ ಕರ್ಮಿಟ್ ಎಂಬ ಊರಿದೆ. ಕಲ್ಲಿದ್ದಲ ಸೀಮೆ, ಗಣಿಯಲ್ಲಿ ಬೆನ್ನು ಮುರಿದುಕೊಂಡವರ ಊರು. ಜನಸಂಖ್ಯೆ ಸುಮಾರು 400. ಅಲ್ಲಿಯ ಒಂದು ಔಷಧದ ಅಂಗಡಿಗೆ ಎರಡು ವರ್ಷಗಳಲ್ಲಿ ಹತ್ತಿರ ಹತ್ತಿರ 90 ಲಕ್ಷ ಹೈಡ್ರೊಕೊಡೋನ್ ಎಂಬ ಅದೇ ಅಫೀಮು ಗುಂಪಿನ ಮಾತ್ರೆಗಳು ಬಂದಿಳಿದವು. ಅದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಅಲ್ಲಿಯ ಕಂಪನಿಗಳನ್ನು ಬೈಯುವುದು ಸುಲಭ. ನನ್ನ ತಲೆಯಲ್ಲಿ ಇದ್ದದ್ದು ಆ ಅಂಗಡಿಯವನು. ಪ್ರತಿ ದಿನ ಬಾಗಿಲು ತೆರೆದು, ಪೆಟ್ಟಿಗೆ ಇಳಿಸಿಕೊಂಡು, ಬಂದವರ ಮುಖ ನೋಡಿ ಮಾತ್ರೆ ಎಣಿಸಿಕೊಟ್ಟನಲ್ಲ, ಅವನು. ನನ್ನ ಅಂಗಡಿ ಅಷ್ಟು ದೊಡ್ಡದಲ್ಲ ಎನ್ನುವುದೊಂದೇ ನಮ್ಮಿಬ್ಬರ ನಡುವಿನ ವ್ಯತ್ಯಾಸವೇ ಎಂದು ಯೋಚಿಸುತ್ತ ಮಲಗಿದ್ದೆ.

ಹಾಗೆಂದು ಎಲ್ಲವನ್ನೂ ಬಿಗಿದು ಬೀಗ ಹಾಕಿಬಿಡಬೇಡಿ. ಹಾಗೆ ಮಾಡಿದರೆ ಏನಾಗುತ್ತದೆ ಎನ್ನುವುದನ್ನೂ ಕಂಡಿದ್ದೇನೆ. ಗಂಟಲು ಕ್ಯಾನ್ಸರ್ ಆದ ಒಬ್ಬ ಅಜ್ಜ ನಮ್ಮೂರಿನಲ್ಲಿ ರಾತ್ರಿಯಿಡೀ ಗೋಡೆಗೆ ತಲೆ ಒತ್ತಿಕೊಂಡು ಕೂತಿರುತ್ತಿದ್ದರು. ಅವರಿಗೆ ಬೇಕಾಗಿದ್ದದ್ದು ಮಾರ್ಫಿನ್. ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯಲ್ಲಿ ಕೊಡುತ್ತಾರೆ, ಆದರೆ ಅದು ನೂರೈವತ್ತು ಕಿಲೋಮೀಟರ್ ಆಚೆ. ನೋವಿನಲ್ಲಿ ಸಾಯುವವರಿಗೆ ಮಾರ್ಫಿನ್ ಸುಲಭವಾಗಿ ಸಿಗಲಿ ಎಂದು 2014ರಲ್ಲಿ ಎನ್‌ಡಿಪಿಎಸ್ ಕಾಯ್ದೆಗೆ ತಿದ್ದುಪಡಿಯನ್ನೇ ತಂದಿದ್ದಾರೆ. ಆ ತಿದ್ದುಪಡಿ ನಮ್ಮೂರಿಗೆ ಇನ್ನೂ ಬಸ್ಸು ಹತ್ತಿಲ್ಲ. ಅಜ್ಜನಿಗೆ ನಾನು ಕೊಟ್ಟದ್ದು ಸೆಟ್ಟನ್ನೇ. ಹದಿನೆಂಟು ವರ್ಷದ ಹುಡುಗನಿಗೆ ಲ್ಯಾಮಿನೇಟ್ ಚೀಟಿಗೆ ಟಪೆಂಟಡಾಲ್ ಸಿಗುತ್ತದೆ, ಸಾಯುವ ಅಜ್ಜನಿಗೆ ಮಾರ್ಫಿನ್ ಸಿಗುವುದಿಲ್ಲ.

ನನ್ನ ಬೇಡಿಕೆಗಳು ದೊಡ್ಡವೇನಲ್ಲ. ನಿಮ್ಮ ಆರೋಗ್ಯ ಕೇಂದ್ರ ಬೆಳಿಗ್ಗೆ ಒಂಬತ್ತಕ್ಕೆ ತೆರೆದು ಸಂಜೆ ನಾಲ್ಕೂವರೆಗೆ ಹೊರರೋಗಿಗಳನ್ನು ನೋಡುವುದನ್ನು ನಿಲ್ಲಿಸುತ್ತದೆ. ಕೂಲಿಯವರ ಆಟೊ ಬೆಳಿಗ್ಗೆ ಏಳಕ್ಕೆ ಹೊರಟು ಸಂಜೆ ಆರಕ್ಕೆ ಬರುತ್ತದೆ. ಅವರು ನಿಮ್ಮ ಬಾಗಿಲು ತೆರೆದಿರುವುದನ್ನು ನೋಡಬೇಕಾದರೆ ಒಂದು ದಿನದ ಕೂಲಿ ಬಿಡಬೇಕು. ವಾರದಲ್ಲಿ ಎರಡೇ ದಿನ, ಸಂಜೆ ಐದೂವರೆಯಿಂದ ಎಂಟರವರೆಗೆ ವೈದ್ಯರು ಕೂರಲಿ. ಬಿಪಿ ನೋಡಲಿ, ಕ್ರಿಯಾಟಿನಿನ್‌ಗೆ ರಕ್ತ ತೆಗೆಯಲಿ. ಐದು ವರ್ಷ ಮಾತ್ರೆ ನುಂಗಿದವರ ಮೂತ್ರಪಿಂಡ ಕೆಡುತ್ತಿದ್ದರೆ ಪಾದ ಊದುವ ಮೊದಲೇ ಗೊತ್ತಾಗುತ್ತದೆ. ಸ್ಟೀರಾಯ್ಡ್ ಅಭ್ಯಾಸವಾದವರು ಏಕಾಏಕಿ ಬಿಟ್ಟರೂ ಅಪಾಯ. ಹಂತ ಹಂತವಾಗಿ ಇಳಿಸಲು ವೈದ್ಯರೇ ಬೇಕು, ನಾನು ಸಾಲದು. ಮಂಡಿಗೆ, ಸೊಂಟಕ್ಕೆ ವ್ಯಾಯಾಮ ಹೇಳಿಕೊಡುವ ಫಿಸಿಯೋಥೆರಪಿಸ್ಟ್ ಒಬ್ಬರು ಹೋಬಳಿಗೆ ವಾರಕ್ಕೊಮ್ಮೆ ಬಂದರೆ ನನ್ನ ವ್ಯಾಪಾರ ಅರ್ಧಕ್ಕೆ ಇಳಿಯುತ್ತದೆ. ಇಳಿಯಲಿ.

ಹುಡುಗರನ್ನು ಠಾಣೆಗೆ ಕೊಡಬೇಡಿ. ಚಿಕಿತ್ಸೆಗೆ ತಾನಾಗಿ ಬಂದ ವ್ಯಸನಿಗೆ ವಿನಾಯಿತಿ ಕೊಡುವ 64ಎ ಕಲಮು ಎನ್‌ಡಿಪಿಎಸ್ ಕಾಯ್ದೆಯಲ್ಲಿಯೇ ಇದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಈ ಚಟಕ್ಕೆ ಒಳ್ಳೆಯ ಔಷಧೋಪಚಾರ ಇದೆ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಎನ್ನುವುದು ಹುಟ್ಟಿದ್ದೇ ನಮ್ಮ ಬಳ್ಳಾರಿಯಲ್ಲಿ, ನಿಮ್ಹಾನ್ಸ್‌ನವರ ಕೈಯಲ್ಲಿ. ಅದೇ ಉಪಚಾರ ತಾಲ್ಲೂಕು ಆಸ್ಪತ್ರೆಯಲ್ಲಿ ಸಿಗುವಂತಾಗಲಿ. ಇನ್‌ಸ್ಪೆಕ್ಟರುಗಳು ನನ್ನ ಅಂಗಡಿಗೆ ಬರುವ ಮೊದಲು ಸಗಟು ವ್ಯಾಪಾರಿಯ ಪುಸ್ತಕ ನೋಡಲಿ. ಎರಡು ಸಾವಿರ ಮನೆಯ ಊರಿಗೆ ತಿಂಗಳಿಗೆ ಎಷ್ಟು ಟಪೆಂಟಡಾಲ್ ಹೋಗಿದೆ ಎನ್ನುವುದನ್ನು ಕೂಡಿಸಲು ಪೊಲೀಸ್ ಬೇಕಿಲ್ಲ, ಕ್ಯಾಲ್ಕುಲೇಟರ್ ಸಾಕು.

ನಾನು ಸೆಟ್ ಕಟ್ಟುವುದನ್ನು ನಿಲ್ಲಿಸಿ ಹನ್ನೊಂದು ತಿಂಗಳಾಯಿತು. ಅಕ್ಕನ ತಿಥಿಯ ಊಟಕ್ಕೆ ಹೋಗಿ ಬಂದ ಮಾರನೆಯ ದಿನದಿಂದ. ಗಿರಾಕಿಗಳು ಕಡಿಮೆಯಾಗಿದ್ದಾರೆ. ಕೆಲವರು ಬಸ್ ನಿಲ್ದಾಣದ ಕಡೆಯ ಇನ್ನೊಂದು ಅಂಗಡಿಗೆ ಹೋಗುತ್ತಾರೆ. ಅಲ್ಲಿ ಸೆಟ್ಟಿನ ಬೆಲೆ ಇಪ್ಪತ್ತೈದಾಗಿದೆಯಂತೆ. ನನ್ನಿಂದಾಗಿ ಅವರಿಗೆ ಆದ ಲಾಭ ಅಷ್ಟೇ.

ಹೋದ ಗುರುವಾರ ಸಂಜೆ ಆರೂಕಾಲಕ್ಕೆ ಅಕ್ಕನ ದೊಡ್ಡ ಮಗಳು ಆಟೊದಿಂದ ಇಳಿದಳು. ತಾಯಿಯ ಹಾಗೆಯೇ ಕಂಬಿ ಹಿಡಿದು, ಹಿಂದು ಮುಂದಾಗಿ ತಿರುಗಿ. ಮೂವತ್ತೆಂಟು ವರ್ಷ. ಮೆಟ್ಟಿಲ ಕೆಳಗೇ ನಿಂತು, "ಮಾವ, ಮಂಡಿಗೆ ಏನಾದರೂ ಕೊಡಿ" ಎಂದಳು. ಪ್ಯಾರಾಸಿಟಮಾಲ್ ಸ್ಟ್ರಿಪ್ಪನ್ನು ಕತ್ತರಿಸದೆ ಇಡಿಯಾಗಿ ಕೊಟ್ಟು, ಇದರ ಹೆಸರು ಇದು, ದಿನಕ್ಕೆ ಇಷ್ಟೇ, ನಾಳೆ ಮಾತ್ರ ಆಸ್ಪತ್ರೆಗೆ ಹೋಗಲೇಬೇಕು ಎಂದೆ.

"ಎಷ್ಟು ಹೊತ್ತಿಗೆ ತೆಗೆಯುತ್ತಾರೆ ಮಾವ?"

"ಒಂಬತ್ತಕ್ಕೆ."

"ಆಟೊ ಏಳಕ್ಕೇ ಬರುತ್ತದಲ್ಲ" ಎಂದಳು.

ಇತಿ ನಿಮ್ಮ ವಿಶ್ವಾಸಿ,
ಪಾವಗಡ ತಾಲ್ಲೂಕಿನ ಒಬ್ಬ ಔಷಧ ವ್ಯಾಪಾರಿ